ರಾಗಿಯ ಹೊಲಕ್ಕೆ ಒಂದು ಭೇಟಿ



ಮಾರ್ಗಶಿರಮಾಸದಲ್ಲಿ ಮೈಸೂರು ಸೀಮೆಯ ಹಳ್ಳಿಗಳ ಕಡೆಗೆ ಮೋಟಾರಿನಲ್ಲಿ ಹೋಗುವವರು, ರಸ್ತೆಯ ಮೇಲೆ ಹರಡಿರುವ ರಾಗಿಯ ತೆನೆಗಳನ್ನು ಕಂಡು ಗೊಣಗುವುದುಂಟು. ನಾನೂ ಒಮ್ಮೆ ಹಾಗೆಯೇ ಗೊಣಗಿ ಗಾಡಿಯಿಂದಿಳಿದೆನು. ಅಲ್ಲಿದ್ದ ಹಿರಿಯರೊಬ್ಬರು, “ಈಗ ನಿಮ್ಮ ಚಕ್ರವೇ ನಮ್ಮ ರೋಣಗಲ್ಲು, ಸ್ವಾಮಿ. ಕಣ ಮಾಡೋಣವೆಂದರೆ ಎತ್ತೆಲ್ಲಿ, ಆಳೆಲ್ಲಿ?” ಎಂದರು. ಆ ಮಾತೇ ನನ್ನನ್ನು ಅವರ ಹೊಲಕ್ಕೆ ಕರೆದೊಯ್ದಿತು.

ನಾವು ನಿತ್ಯವೂ ಉಣ್ಣುವ ಮುದ್ದೆಯು ಹೊಲದಿಂದ ತಟ್ಟೆಗೆ ಬರುವ ಬಗೆಯನ್ನು ಬಲ್ಲ ಪಟ್ಟಣಿಗರು ವಿರಳ. ರಾಗಿಯು ಪೂರ್ವ ಆಫ್ರಿಕದ ಎತ್ತರದ ಸೀಮೆಗಳಲ್ಲಿ ಹುಟ್ಟಿ, ಸಹಸ್ರಾರು ವರ್ಷಗಳ ಹಿಂದೆಯೇ ನಮ್ಮ ದೇಶವನ್ನು ಸೇರಿದ ಧಾನ್ಯ. ಇದರ ಒಂದು ಸಾವಿರ ಕಾಳುಗಳ ತೂಕ ಸುಮಾರು 3 ಗ್ರಾಂ ಮಾತ್ರ. ಇಷ್ಟು ಸಣ್ಣ ಬೀಜವು ಆಳಕ್ಕೆ ಬಿದ್ದರೆ ಮೊಳೆತು ಮೇಲೆ ಬರಲಾರದು. ಆದುದರಿಂದ ಮುಂಗಾರಿನಲ್ಲಿ ಭೂಮಿಯನ್ನು ಹಲವು ಸಾರಿ ಉತ್ತು, ಹೆಂಟೆಯೊಡೆದು, ಹದವರಿತು ಬಿತ್ತಬೇಕು. ಕೂರಿಗೆಯ ಬಟ್ಟಲಿಗೆ ಬೀಜವನ್ನು ಒಂದೇ ಸಮನೆ ಬಿಡುತ್ತ ನಡೆದರೆ, ಅದು ಬಿದಿರಿನ ಕೊಳವೆಗಳ ಮೂಲಕ ಸಾಲುಸಾಲಾಗಿ ಮಣ್ಣಿಗಿಳಿಯುವುದು. ಪೈರು ಬೆಳೆದ ಮೇಲೆ ಸಾಲುಗಳ ನಡುವೆ ಕುಂಟೆ ಹೊಡೆದರೆ ಕಳೆಯೂ ಸಾಯುವುದು, ತೇವವೂ ಬೇಗ ಆರದು.

ಆ ಹಿರಿಯರ ಹೊಲದಲ್ಲಿ ಬರಿಯ ರಾಗಿಯಿರಲಿಲ್ಲ. ರಾಗಿಯ ಹಲವು ಸಾಲುಗಳಿಗೊಂದರಂತೆ ಅವರೆ, ತೊಗರಿ, ಹುಚ್ಚೆಳ್ಳುಗಳ ಸಾಲುಗಳಿದ್ದುವು. ಇದಕ್ಕೆ ಅಕ್ಕಡಿ ಸಾಲೆಂದು ಹೆಸರು. ನೋಡುವವರಿಗೆ ಇದು ಬೆರಕೆಯೆಂದು ತೋರಬಹುದು. ಆದರೆ ಇದರಲ್ಲಿ ಬಹಳ ಆಲೋಚನೆಯುಂಟು. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡಿದರೆ, ತೊಗರಿಯ ತಾಯಿಬೇರು ಆಳಕ್ಕಿಳಿದು ಅಲ್ಲಿನ ತೇವವನ್ನು ಹೀರುವುದು. ಹುಚ್ಚೆಳ್ಳಿನ ಹಳದಿ ಹೂವು ಜೇನ್ನೊಣಗಳನ್ನು ಕರೆಯುವುದು. ಅವರೆ ತೊಗರಿಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವುವು. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಎಂಬ ವಿಜ್ಞಾನಿಗಳು ಈ ಸಂಗತಿಯನ್ನು 1888ರಲ್ಲಿ ವಿವರವಾಗಿ ಪ್ರಕಟಿಸಿದರು. ಕಾಳಿನ ಗಿಡವಿದ್ದ ನೆಲ ಸತ್ತ್ವಗೆಡದೆಂಬುದನ್ನು ನಮ್ಮ ಒಕ್ಕಲಿಗನು ಅನುಭವದಿಂದಲೇ ಅರಿತಿದ್ದನು.

ಎಲ್ಲಕ್ಕಿಂತ ಮುಖ್ಯವಾದುದು ಮಳೆಯ ಭಯ. ತೆನೆ ಹಾಲ್ದುಂಬುವಾಗ ಮಳೆ ಹೋದರೆ ರಾಗಿ ಜೊಳ್ಳಾಗುವುದು. ಆಗಲೂ ಇಬ್ಬನಿಯ ಕಾಲದವರೆಗೆ ನಿಲ್ಲುವ ಅವರೆಯೋ ತೊಗರಿಯೋ ಮನೆಯನ್ನು ಕಾಯುವುದು. “ಒಂದು ಹೋದರೆ ಇನ್ನೊಂದು ಇರಲಿ ಅಂತ” ಎಂದು ಹಿರಿಯರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು.

ಬೀಜದ ಸುಧಾರಣೆಯೂ ಸ್ಮರಣೀಯವೇ. ಮಂಡ್ಯದಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟು ಇಳುವರಿಯನ್ನು ಹೆಚ್ಚಿಸಿದರು. ಆದರೆ ಬೀಜವೊಂದರಿಂದಲೇ ಬೇಸಾಯ ನಡೆಯದು. ಕೊಯ್ಲಿನ ಯಂತ್ರವು ರಾಗಿಯನ್ನೂ ಅವರೆಯನ್ನೂ ಬೇರೆಬೇರೆಯಾಗಿ ಬಲ್ಲುದಲ್ಲ. ಯಂತ್ರ ಬಂದಲ್ಲಿ ಅಕ್ಕಡಿಗೆ ಎಡೆಯಿಲ್ಲ. ಆಳು ದೊರೆಯದಲ್ಲಿ ಯಂತ್ರವಿಲ್ಲದೆ ಗತಿಯಿಲ್ಲ. ರೈತನ ಸಂಕಟ ಇರುವುದು ಇಲ್ಲಿಯೇ.

ರಸ್ತೆಯಲ್ಲಿ ಒಕ್ಕುವುದು ಸರಿಯೆಂದು ನಾನು ಹೇಳುವುದಿಲ್ಲ. ಪ್ರಯಾಣಿಕರಿಗೆ ಜಾರುವ ಅಪಾಯ, ಕಾಳಿಗೆ ಕಲ್ಲುಮಣ್ಣಿನ ಬೆರಕೆ. ಆದರೆ ಊರಿಗೊಂದು ಒಕ್ಕಣೆಯ ಕಣವನ್ನು ಕಟ್ಟಿಕೊಡಿರೆಂದು ಕೇಳುವ ದನಿಗೆ ಪಟ್ಟಣಿಗರ ದನಿಯೂ ಸೇರಬೇಡವೆ?

ಆದುದರಿಂದ ಮಕ್ಕಳೊಡನೆ ವರ್ಷಕ್ಕೆ ಎರಡು ಸಲ ಒಂದೇ ಹೊಲಕ್ಕೆ ಹೋಗಿಬನ್ನಿ. ಆಷಾಢದಲ್ಲಿ ಬಿತ್ತನೆಯನ್ನೂ, ಮಾರ್ಗಶಿರದಲ್ಲಿ ಒಕ್ಕಣೆಯನ್ನೂ ನೋಡಿರಿ. ಪೈರನ್ನು ತುಳಿಯದೆ, ಬದುವಿನ ಮೇಲೆ ನಿಂತು, ಯಜಮಾನರನ್ನು ಕೇಳಿ ತಿಳಿಯಿರಿ. ಅಂದಿನ ರಾತ್ರಿ ಮಕ್ಕಳು ತಟ್ಟೆಯಲ್ಲಿ ತುತ್ತು ಉಳಿಸುವುದು ಕಡಮೆಯಾದೀತು. ನನ್ನ ಗೊಣಗಾಟವಂತೂ ಅಂದಿಗೇ ನಿಂತಿತು.