ಚರಂಡಿ ನೀರಿನಲ್ಲಿ ಕಾಣದ ಮೊಟ್ಟೆಗಳು

ಮುಂಬಯಿಯ ಲೋಕಲ್ ಗಾಡಿಗಳಲ್ಲಿ ನಿತ್ಯ ಸಂಚರಿಸುವ ನಮ್ಮವರಲ್ಲಿ ಅನೇಕರು ರೈಲು ಹಳಿಗಳ ಮಗ್ಗುಲಲ್ಲಿ ಬೆಳೆದ ಪಾಲಕ್, ಮೆಂತ್ಯ, ಹರಿವೆಯ ಮಡಿಗಳನ್ನು ಕಂಡವರೇ. ಅವುಗಳಲ್ಲಿ ಕೆಲವಕ್ಕೆ ನಾಲೆಯ ಕೊಳೆನೀರೇ ಆಧಾರವಾಗಿತ್ತೆಂಬುದು ಗುಟ್ಟಿನ ಮಾತಲ್ಲ. ಹೈದರಾಬಾದಿನ ಕೆಳಗೆ ಮೂಸಿ ನದಿಯ ದಡದ ರೈತರೂ ನಗರವು ಬಳಸಿ ಬಿಟ್ಟ ನೀರನ್ನು ನಂಬಿ ಸೊಪ್ಪು, ಹುಲ್ಲು, ಭತ್ತಗಳನ್ನು ಬೆಳೆದಿದ್ದಾರೆ. ನೀರಿಗೆ ಬರವಿರುವ ಕಡೆ ಇದನ್ನು ಸುಮ್ಮನೆ ಹಳಿಯುವಂತಿಲ್ಲ. ಆ ನೀರಿನಲ್ಲಿ ಗೊಬ್ಬರದ ಸತ್ವವೂ ಉಂಟು. ಆದರೆ ಆ ಸತ್ವದೊಡನೆ ರೋಗವೂ ಹರಿದು ಬರುತ್ತಿದೆಯೇ ಎಂಬುದನ್ನು ಅರಿಯುವುದು ಹೇಗೆ?

ಮನುಷ್ಯನ ಕರುಳಿನಲ್ಲಿ ವಾಸಿಸುವ ಒಂದು ಹೆಣ್ಣು ಜಂತುಹುಳು ದಿನವೊಂದಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡಬಲ್ಲದು. ಅವು ಮಲದೊಡನೆ ಚರಂಡಿಯನ್ನು ಸೇರುತ್ತವೆ. ಪ್ರತಿಯೊಂದಕ್ಕೂ ದಪ್ಪನೆಯ ಕವಚವಿದೆ. ತಂಪಾದ ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅವು ಜೀವ ಹಿಡಿದಿರುತ್ತವೆ. ನೀರಿಗೆ ಹಾಕುವ ಕ್ಲೋರಿನ್ ಬಹುತೇಕ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಯೇ ಹೊರತು ಈ ಮೊಟ್ಟೆಗಳನ್ನಲ್ಲ. ಆದುದರಿಂದ ಬ್ಯಾಕ್ಟೀರಿಯಾಗಳ ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರಿನಲ್ಲಿಯೂ ಇವು ಅಡಗಿರಬಹುದು.

ಇವನ್ನು ಹುಡುಕುವ ವಿಧಾನವು ನಮ್ಮ ಅಡಿಗೆಮನೆಯವರಿಗೆ ಅಪರಿಚಿತವೇನಲ್ಲ. ಕೋಳಿಮೊಟ್ಟೆಯನ್ನು ಸಾದಾ ನೀರಿಗೆ ಹಾಕಿದರೆ ಮುಳುಗುತ್ತದೆ; ಆ ನೀರಿಗೆ ಸಾಕಷ್ಟು ಉಪ್ಪು ಬೆರೆಸಿದರೆ ತೇಲುತ್ತದೆ. ಪ್ರಯೋಗಶಾಲೆಯವರು ಮಾಡುವುದೂ ಇದನ್ನೇ. ಬೈಲೆಂಜರ್ ಪದ್ಧತಿಯಲ್ಲಿ ಕಚ್ಚಾ ಚರಂಡಿ ನೀರಾದರೆ 1 ಲೀಟರನ್ನೂ, ಶುದ್ಧೀಕರಿಸಿದ ನೀರಾದರೆ 10 ಲೀಟರನ್ನೂ ತೆಗೆದುಕೊಂಡು ಒಂದೆರಡು ಗಂಟೆ ಅಲುಗಾಡಿಸದೆ ಇಡುತ್ತಾರೆ. ನೀರಿಗಿಂತ ಭಾರವಾದ ಮೊಟ್ಟೆಗಳು ತಳಕ್ಕಿಳಿಯುತ್ತವೆ. ಮೇಲಿನ ನೀರನ್ನು ಬಸಿದು, ಗಸಿಯನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಈಥರಿನಿಂದ ಜಿಡ್ಡನ್ನು ಕಳೆಯುತ್ತಾರೆ. ಉಳಿದುದನ್ನು 1.18 ಸಾಪೇಕ್ಷ ಸಾಂದ್ರತೆಯ ಸತುವಿನ ಸಲ್ಫೇಟ್ ದ್ರಾವಣದಲ್ಲಿ ಕಲಸಿದರೆ ಮೊಟ್ಟೆಗಳು ಮೇಲೆ ತೇಲಿಬರುತ್ತವೆ. ಗೆರೆ ಹಾಕಿದ ಗಾಜಿನ ಫಲಕದ ಮೇಲೆ, ಸೂಕ್ಷ್ಮದರ್ಶಕದ ಕೆಳಗೆ, ಅವನ್ನು ಒಂದೊಂದಾಗಿ ಎಣಿಸುತ್ತಾರೆ.

ಲೆಕ್ಕ ಬರೆಯುವ ಗುಮಾಸ್ತ ಮಿತ್ರರಿಗೆ ಇಲ್ಲಿಯ ಗಣಿತವು ರುಚಿಸೀತು. ಕೊನೆಯ ದ್ರಾವಣವು 6 ಮಿಲಿಲೀಟರ್ ಇದ್ದು, ಫಲಕದಲ್ಲಿ 0.3 ಮಿಲಿಲೀಟರ್ ಮಾತ್ರ ಹಿಡಿಸುವುದಾದರೆ, ನೋಡಿದುದು ಇಪ್ಪತ್ತರಲ್ಲಿ ಒಂದು ಪಾಲು. ಅಲ್ಲಿ ಸರಾಸರಿ ಒಂದು ಮೊಟ್ಟೆ ಕಂಡರೆ 10 ಲೀಟರಿನಲ್ಲಿ 20, ಅಂದರೆ ಲೀಟರಿಗೆ 2 ಎಂದಾಯಿತು. ಹಸಿಯಾಗಿ ತಿನ್ನುವ ಬೆಳೆಗಳಿಗೆ ಹಾಯಿಸುವ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಮೊಟ್ಟೆ ಇರಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯು 1989ರಲ್ಲಿ ಸೂಚಿಸಿತು. ಕಣ್ಣಿಗೆ ಬಿದ್ದ ಆ ಒಂದೇ ಮೊಟ್ಟೆಯಿಂದ ನೀರು ಅನರ್ಹವಾಗುತ್ತದೆ!

ಮೊಟ್ಟೆ ಕಂಡ ಮಾತ್ರಕ್ಕೆ ಅದಕ್ಕೆ ಜೀವವಿದೆಯೆಂದಲ್ಲ. ಅದನ್ನು ತಿಳಿಯಲು ಸುಮಾರು ನಾಲ್ಕು ವಾರ ಬೆಚ್ಚಗಿನ ತಾಣದಲ್ಲಿಟ್ಟು, ಒಳಗೆ ಮರಿಹುಳು ಬೆಳೆಯಿತೇ ಎಂದು ನೋಡಬೇಕಾಗುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ಶತ್ರು ಕ್ರಿಪ್ಟೋಸ್ಪೊರಿಡಿಯಮ್ ಎಂಬ ಏಕಕೋಶ ಜೀವಿ. ಅದರ ಕೋಶವು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕರಿಂದ ಆರು ಪಾಲಿನಷ್ಟು ಮಾತ್ರ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ಕುಡಿಯುವ ನೀರಿನೊಳಗೆ ಅದು ನುಸುಳಿ, ಸುಮಾರು 4 ಲಕ್ಷ ಜನ ಭೇದಿಯಿಂದ ಹಾಸಿಗೆ ಹಿಡಿದರೆಂದು ಅಂದಾಜು. ಆ ನೀರನ್ನು ಶೋಧಿಸಿಯೇ, ಕ್ಲೋರಿನ್ ಬೆರೆಸಿಯೇ ಹರಿಸಲಾಗಿತ್ತು. ಇಂದು ಅದನ್ನು ಹಿಡಿಯಲು ಬಹಳಷ್ಟು ನೀರನ್ನು ಸೋಸಿ, ಪ್ರತಿಕಾಯ ಲೇಪಿಸಿದ ಕಾಂತಮಣಿಗಳಿಂದ ಕೋಶಗಳನ್ನು ಸೆಳೆದು, ಹಸುರಾಗಿ ಹೊಳೆಯುವ ಬಣ್ಣ ಹಚ್ಚಿ ನೋಡುತ್ತಾರೆ.

ಇದೆಲ್ಲವೂ ಪ್ರಯೋಗಶಾಲೆಯ ಮಾತಾಯಿತು. ಮಾರುಕಟ್ಟೆಯ ಸೊಪ್ಪಿನ ಕಟ್ಟು ಯಾವ ನೀರಿನಲ್ಲಿ ಬೆಳೆಯಿತೆಂದು ಅದರ ಮೇಲೆ ಬರೆದಿರುವುದಿಲ್ಲ. ಪರೀಕ್ಷೆ ನಡೆಸಬೇಕಾದವರು ನಗರಸಭೆಯವರು. ಆದರೆ ಗಿರಾಕಿಯ ತಟ್ಟೆಗೂ ಆ ಸೊಪ್ಪಿಗೂ ನಡುವೆ ಕೊನೆಯದಾಗಿ ನಿಂತವರು ನಮ್ಮ ಹೋಟೆಲ್ ಬಂಧುಗಳೇ. ಬೇಯಿಸಿದ ಸೊಪ್ಪಿನ ಭಯವಿಲ್ಲ. ಕುದಿಯುವ ಶಾಖಕ್ಕೆ ಮೊಟ್ಟೆಗಳು ಉಳಿಯವು. ಕೋಸಂಬರಿ, ಹಸಿ ಚಟ್ನಿ, ಮೇಲೆ ಉದುರಿಸುವ ಕೊತ್ತಂಬರಿ ಸೊಪ್ಪು, ಇವುಗಳಲ್ಲಿಯೇ ಎಚ್ಚರ ಬೇಕು. ಮೊಟ್ಟೆಗಳು ಅಂಟುಗುಣವುಳ್ಳವಾದುದರಿಂದ ಬಕೇಟಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಸಾಲದು. ಬೇರು ಕತ್ತರಿಸಿ, ಎಲೆ ಬಿಡಿಸಿ, ಹರಿಯುವ ಶುದ್ಧ ನೀರಿನಲ್ಲಿ ಎರಡು ಮೂರು ಬಾರಿ ಉಜ್ಜಿ ತೊಳೆಯಬೇಕು. ಶೌಚದ ನಂತರವೂ ಅಡಿಗೆಗೆ ಕೈಯಿಡುವ ಮುನ್ನವೂ ಸಾಬೂನು ಹಚ್ಚಬೇಕು. ಏಕೆಂದರೆ ಜಂತುವಿನ ಮೊಟ್ಟೆಗೆ ಬಲಿಯಲು ಮಣ್ಣಿನಲ್ಲಿ ಕೆಲವು ವಾರ ಬೇಕಾದರೂ, ಆಮಶಂಕೆಯ ಅಮೀಬಾ ಕೋಶವು ಕೈಯಿಂದ ನೇರವಾಗಿ ಬಾಯಿಗೆ ದಾಟಬಲ್ಲದು. ಸೊಪ್ಪು ತೊಳೆಯುವ ಹುಡುಗನಿಗೆ ಅವಸರ ಮಾಡದೆ ಇನ್ನೈದು ನಿಮಿಷ ಕೊಡುವ ಮಾಲಿಕನು, ತಾನರಿಯದ ಎಷ್ಟೋ ಮಂದಿಯ ಆರೋಗ್ಯವನ್ನು ಕಾಯುತ್ತಾನೆ.