ವೇಗವೊಂದೇ ಸಾಲದು: ರನ್ನಿಂಗ್ ಬ್ಯಾಕ್ ವೈಡ್ ರಿಸೀವರ್ ಆಗುವುದೆಂದರೆ

2012ರ ನವೆಂಬರ್ 17. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡವು ತವರು ಮೈದಾನದಲ್ಲಿ ಒಕ್ಲಹೋಮ ತಂಡವನ್ನು ಎದುರಿಸಿತ್ತು. ಅದುವರೆಗೆ ವೈಡ್ ರಿಸೀವರ್ ಆಗಿದ್ದ ಟವಾನ್ ಆಸ್ಟಿನ್ ಎಂಬ ಐದು ಅಡಿ ಎಂಟು ಅಂಗುಲದ ಯುವಕನನ್ನು ತರಬೇತುದಾರರು ಅಂದು ರನ್ನಿಂಗ್ ಬ್ಯಾಕ್ ಸ್ಥಾನದಲ್ಲಿ ಕಣಕ್ಕಿಳಿಸಿದರು. ಆತ ಚೆಂಡು ಹೊತ್ತು ಓಡಿದ್ದು 344 ಗಜ. ಹಿಡಿದ ಪಾಸ್‌ಗಳು, ಮರಳಿ ತಂದ ಕಿಕ್‌ಗಳನ್ನೂ ಸೇರಿಸಿದರೆ ಒಟ್ಟು 572 ಗಜ. ತಂಡ 49-50ರಿಂದ ಸೋತಿತಾದರೂ ಆಸ್ಟಿನ್ ಓಟ ಮಾತ್ರ ಮನೆಮಾತಾಯಿತು.

ಈ ಓಟಗಾರಿಕೆ ಆಸ್ಟಿನ್‌ಗೆ ಹೊಸದೇನಾಗಿರಲಿಲ್ಲ. ಬಾಲ್ಟಿಮೋರ್ ನಗರದ ಪ್ರೌಢಶಾಲೆಯಲ್ಲಿ ಆತ ರನ್ನಿಂಗ್ ಬ್ಯಾಕ್ ಆಗಿಯೇ ಬೆಳೆದವನು. ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ರಿಸೀವರ್ ಆದ. ಹಾಗಾದರೆ ಇಷ್ಟು ಚೆನ್ನಾಗಿ ಓಡಬಲ್ಲ ಹುಡುಗನನ್ನು ಓಟದ ಸ್ಥಾನದಿಂದ ಬದಲಿಸುವುದೇಕೆ? ಬದಲಿಸಿದಾಗ ಆತ ಗಳಿಸುವುದೇನು, ಕಳೆದುಕೊಳ್ಳುವುದೇನು? ಅಮೆರಿಕದ ಕಾಲೇಜು ತಂಡಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಯಿದು. ಮೇಲ್ನೋಟಕ್ಕೆ ತಂತ್ರಗಾರಿಕೆಯ ವಿಷಯದಂತೆ ಕಂಡರೂ, ಇಪ್ಪತ್ತು ವರ್ಷದ ಯುವಕನ ಭವಿಷ್ಯವೇ ಇದರೊಂದಿಗೆ ತಳಕು ಹಾಕಿಕೊಂಡಿದೆ.

ಎರಡು ಸ್ಥಾನ, ಎರಡು ಲೋಕ

ಅಮೆರಿಕದ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ನೂರು ಗಜ ಉದ್ದದ ಮೈದಾನದಲ್ಲಿ ತಲಾ 11 ಆಟಗಾರರು ಅಂಡಾಕಾರದ ಚೆಂಡಿಗಾಗಿ ಸೆಣಸುವ ಆಟವಿದು. ಚೆಂಡು ಪಡೆದ ತಂಡಕ್ಕೆ ನಾಲ್ಕು ಅವಕಾಶಗಳು. ಅಷ್ಟರೊಳಗೆ ಕನಿಷ್ಠ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶ. ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲು. ಮುಂದೆ ಸಾಗಲು ಇರುವ ದಾರಿಗಳು ಮುಖ್ಯವಾಗಿ ಎರಡು: ಚೆಂಡು ಹೊತ್ತು ಓಡುವುದು, ಇಲ್ಲವೇ ಎಸೆದು ಹಿಡಿಯುವುದು.

ಎರಡನ್ನೂ ಆರಂಭಿಸುವವನು ಕ್ವಾರ್ಟರ್‌ಬ್ಯಾಕ್. ಆತನ ಪಕ್ಕದಲ್ಲೋ ಹಿಂದೆಯೋ ನಿಂತು, ಕೈಯಿಂದ ಕೈಗೆ ಚೆಂಡು ಪಡೆದು, ದಢೂತಿ ಆಟಗಾರರ ನಡುವಿನ ಸಂದಿಯಲ್ಲಿ ನುಗ್ಗುವವನು ರನ್ನಿಂಗ್ ಬ್ಯಾಕ್. ಮೈದಾನದ ಅಂಚಿನ ಕಡೆ ನಿಂತು, ಗೊತ್ತುಪಡಿಸಿದ ಪಥದಲ್ಲಿ ಓಡಿ, ದೂರದಿಂದ ಬಂದ ಚೆಂಡನ್ನು ಹಿಡಿಯುವವನು ವೈಡ್ ರಿಸೀವರ್. ಕಬಡ್ಡಿಯಲ್ಲಿ ಎದುರಾಳಿಗಳ ಕೈ ತಪ್ಪಿಸಿಕೊಂಡು ಬರುವ ದಾಳಿಗಾರನನ್ನು ನೆನೆದರೆ ರನ್ನಿಂಗ್ ಬ್ಯಾಕ್‌ನ ಕೆಲಸ ಅರ್ಥವಾದೀತು. ಬೌಂಡರಿಯತ್ತ ಓಡುತ್ತಲೇ ಹೆಗಲ ಮೇಲಿಂದ ಬರುವ ಕ್ಯಾಚ್ ಹಿಡಿಯುವ ಫೀಲ್ಡರ್‌ನನ್ನು ನೆನೆದರೆ ರಿಸೀವರ್‌ನ ಕೆಲಸ ತಿಳಿದೀತು.

ಬದಲಾವಣೆ ಏಕೆ?

ಮೊದಲ ಕಾರಣ ಲೆಕ್ಕಾಚಾರದ್ದು. ಒಂದು ಆಟದಲ್ಲಿ ಸಾಮಾನ್ಯವಾಗಿ ಒಬ್ಬನೇ ರನ್ನಿಂಗ್ ಬ್ಯಾಕ್ ಇರುತ್ತಾನೆ. ರಿಸೀವರ್‌ಗಳು ಮೂವರು, ಕೆಲವೊಮ್ಮೆ ನಾಲ್ವರು. ಆಟಗಾರರನ್ನು ಮೈದಾನದ ಉದ್ದಗಲಕ್ಕೂ ಹರಡಿ ಆಡುವ ‘ಸ್ಪ್ರೆಡ್’ ಪದ್ಧತಿಯು 2000ದ ದಶಕದಲ್ಲಿ ಕಾಲೇಜುಗಳಲ್ಲಿ ವ್ಯಾಪಿಸಿದ ಮೇಲಂತೂ ರಿಸೀವರ್‌ಗಳ ಬೇಡಿಕೆ ಹೆಚ್ಚಿತು. ಒಳ್ಳೆಯ ರನ್ನಿಂಗ್ ಬ್ಯಾಕ್‌ಗಳು ಮೂವರಿದ್ದು, ಅವರಲ್ಲೊಬ್ಬ ಮಿಂಚಿನ ವೇಗದವನಾದರೆ ಆತನನ್ನು ಬೆಂಚಿನಲ್ಲಿ ಕೂರಿಸುವುದಕ್ಕಿಂತ ಅಂಚಿಗೆ ಕಳಿಸುವುದು ಲೇಸೆಂದು ತರಬೇತುದಾರರು ಭಾವಿಸುತ್ತಾರೆ.

ಎರಡನೆಯದು ಬಯಲಿನ ಬೆಲೆ. ನಡುವಿನ ಗುಂಪಿನಲ್ಲಿ ನುಗ್ಗುವ ವೇಗಿಗೆ ತನ್ನ ಪೂರ್ಣ ವೇಗ ಮುಟ್ಟಲು ಜಾಗವೇ ಸಿಗದು. ಅಂಚಿನಲ್ಲಿ ಆತನ ಮುಂದಿರುವುದು ಒಬ್ಬಿಬ್ಬರು ರಕ್ಷಕರು ಮಾತ್ರ. ಆತ ನೇರ ಓಡಿದರೆ ಸಾಕು, ಎದುರಾಳಿ ತಂಡವು ಹಿಂಬದಿಯ ರಕ್ಷಕನೊಬ್ಬನನ್ನು ಆತನ ಕಡೆಗೆ ಸರಿಸಬೇಕಾಗುತ್ತದೆ. ಹೀಗೆ ಆತ ಚೆಂಡು ಮುಟ್ಟದೆಯೇ ಉಳಿದವರಿಗೆ ಜಾಗ ತೆರವಾಗುತ್ತದೆ.

ಮೂರನೆಯದು ದೇಹ. ರನ್ನಿಂಗ್ ಬ್ಯಾಕ್ ಪಂದ್ಯವೊಂದರಲ್ಲಿ ಇಪ್ಪತ್ತು ಬಾರಿ ಚೆಂಡು ಹೊತ್ತರೆ ಹೆಚ್ಚುಕಡಿಮೆ ಅಷ್ಟೂ ಬಾರಿ ನೆಲಕ್ಕುರುಳುತ್ತಾನೆ. ಉರುಳಿಸುವವರಲ್ಲಿ 130 ಕಿಲೋ ಮೀರಿದವರೂ ಇರುತ್ತಾರೆ. ಸಣ್ಣ ಮೈಕಟ್ಟಿನ ವೇಗಿ ಇದನ್ನು ಬಹುಕಾಲ ತಾಳಿಕೊಳ್ಳುವುದು ಕಷ್ಟ.

ನಾಲ್ಕನೆಯದು ಹಣ. ವೃತ್ತಿಪರರ ನ್ಯಾಷನಲ್ ಫುಟ್‌ಬಾಲ್ ಲೀಗ್, ಅರ್ಥಾತ್ ಎನ್‌ಎಫ್‌ಎಲ್‌ನಲ್ಲಿ, ತಂಡವೊಂದು ತನ್ನ ಆಟಗಾರನನ್ನು ಒಂದು ವರ್ಷದ ಮಟ್ಟಿಗೆ ಉಳಿಸಿಕೊಳ್ಳಲು ‘ಫ್ರಾಂಚೈಸ್ ಟ್ಯಾಗ್’ ಎಂಬ ನಿಗದಿತ ಮೊತ್ತ ನೀಡಬೇಕು. ಆಯಾ ಸ್ಥಾನದ ಅತಿ ದುಬಾರಿ ಆಟಗಾರರ ಸಂಭಾವನೆಯೇ ಈ ಲೆಕ್ಕಕ್ಕೆ ಆಧಾರ. 2023ರಲ್ಲಿ ರನ್ನಿಂಗ್ ಬ್ಯಾಕ್‌ಗೆ ಈ ಮೊತ್ತ ಸುಮಾರು 1.01 ಕೋಟಿ ಡಾಲರ್ ಇದ್ದರೆ, ವೈಡ್ ರಿಸೀವರ್‌ಗೆ ಸುಮಾರು 1.97 ಕೋಟಿ ಡಾಲರ್. ಒಂದೇ ಆಟ, ಸ್ಥಾನ ಬೇರೆಯಾದರೆ ಬೆಲೆ ಹೆಚ್ಚುಕಡಿಮೆ ಇಮ್ಮಡಿ!

ಹಳೆಯ ಹಾದಿ

ಈ ಪ್ರಯೋಗ ಹೊಸದಲ್ಲ. ವಿಸ್ಕಾನ್ಸಿನ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳಲ್ಲಿ ಓಟಗಾರನಾಗಿದ್ದ ಎಲ್ರಾಯ್ ಹರ್ಷ್ 1948ರಲ್ಲಿ ತಲೆಬುರುಡೆಯ ಮುರಿತಕ್ಕೆ ಒಳಗಾದರು. ಬಳಿಕ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಸೇರಿ ಪಾಸ್ ಹಿಡಿಯುವ ಸ್ಥಾನಕ್ಕೆ ಬದಲಾದರು. 1951ರ ಋತುವಿನ ಕೇವಲ 12 ಪಂದ್ಯಗಳಲ್ಲಿ ಅವರು 1,495 ಗಜ ಹಾಗೂ 17 ಟಚ್‌ಡೌನ್ ಗಳಿಸಿದರು. ಆ ವರ್ಷದ ಚಾಂಪಿಯನ್ ಪಟ್ಟವೂ ರ‍್ಯಾಮ್ಸ್ ಪಾಲಾಯಿತು.

ಇಲಿನಾಯ್ ವಿಶ್ವವಿದ್ಯಾಲಯದ ವೇಗಿ ಬಾಬಿ ಮಿಚೆಲ್ ಕ್ಲೀವ್‌ಲ್ಯಾಂಡ್ ತಂಡದಲ್ಲಿ ದಿಗ್ಗಜ ಜಿಮ್ ಬ್ರೌನ್ ಜೊತೆ ಓಡುತ್ತಿದ್ದವರು. 1962ರಲ್ಲಿ ವಾಷಿಂಗ್ಟನ್ ತಂಡಕ್ಕೆ ಬಂದು ರಿಸೀವರ್ ಆದರು. ಕಪ್ಪು ವರ್ಣೀಯರಿಗೆ ಕೊನೆಯದಾಗಿ ಬಾಗಿಲು ತೆರೆದ ಎನ್‌ಎಫ್‌ಎಲ್ ತಂಡ ಅದು. ಅಲ್ಲಿನ ಮೊದಲ ಋತುವಿನಲ್ಲೇ 72 ಪಾಸ್ ಹಿಡಿದು 1,384 ಗಜ ಗಳಿಸಿದ ಮಿಚೆಲ್ ಎರಡರಲ್ಲೂ ಲೀಗ್‌ಗೆ ಮೊದಲಿಗರಾದರು. ಅದೇ ತಂಡದ ಚಾರ್ಲಿ ಟೇಲರ್ ಕೂಡ ಅರಿಜೋನಾ ಸ್ಟೇಟ್‌ನ ಓಟಗಾರರೇ. 1966ರಲ್ಲಿ ತರಬೇತುದಾರ ಆಟೋ ಗ್ರಹಾಂ ಅವರನ್ನು ರಿಸೀವರ್ ಆಗಿಸಿದರು. ಆ ವರ್ಷ ಮತ್ತು ಮರುವರ್ಷ ಅತಿ ಹೆಚ್ಚು ಪಾಸ್ ಹಿಡಿದವರು ಟೇಲರ್. ಈ ಮೂವರೂ ಇಂದು ಫುಟ್‌ಬಾಲ್‌ನ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದಿದ್ದಾರೆ.

ಕಲಿತದ್ದನ್ನು ಮರೆಯುವ ಪಾಠ

ಇಂಥ ಯಶೋಗಾಥೆಗಳನ್ನು ಕೇಳಿದಾಗ ವೇಗವೊಂದಿದ್ದರೆ ಉಳಿದದ್ದು ತಾನಾಗಿ ಬರುತ್ತದೆ ಎನಿಸುವುದು ಸಹಜ. ವಾಸ್ತವ ಹಾಗಿಲ್ಲ.

ರನ್ನಿಂಗ್ ಬ್ಯಾಕ್‌ಗೆ ಒಂದು ಸ್ವಾತಂತ್ರ್ಯವಿದೆ. ಎಡಕ್ಕೆ ಸಂದಿ ಮುಚ್ಚಿದರೆ ಬಲಕ್ಕೆ ನುಗ್ಗಬಹುದು. ದಾರಿ ಆತನ ಕಣ್ಣಿಗೆ, ಕಾಲಿಗೆ ಬಿಟ್ಟದ್ದು. ರಿಸೀವರ್‌ಗೆ ಹಾಗಲ್ಲ. ಹನ್ನೆರಡು ಗಜ ಓಡಿ ಒಳಕ್ಕೆ ತಿರುಗಬೇಕೆಂದರೆ ಹನ್ನೆರಡೇ ಗಜ. ಏಕೆಂದರೆ ಆತ ತಿರುಗುವ ಮೊದಲೇ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಹೊರಟಿರುತ್ತದೆ. ಎರಡು ಗಜ ಹೆಚ್ಚುಕಡಿಮೆಯಾದರೂ ಅದು ಎದುರಾಳಿಯ ಕೈ ಸೇರುವ ಅಪಾಯವಿದೆ.

ಅತಿ ವೇಗಿಗಳಿಗೆ ಕಷ್ಟವಾಗುವುದು ಓಡುವುದಲ್ಲ, ನಿಲ್ಲುವುದು. ಪೂರ್ಣ ವೇಗದಲ್ಲಿರುವಾಗ ಸೊಂಟ ತಗ್ಗಿಸಿ, ಎರಡು ಮೂರು ಹೆಜ್ಜೆಗಳಲ್ಲಿ ವೇಗ ಇಳಿಸಿ, ದಿಕ್ಕು ಬದಲಿಸಬೇಕು. ನಿಲ್ಲುವ ಮುನ್ಸೂಚನೆಯನ್ನು ದೇಹ ಕೊಟ್ಟುಬಿಟ್ಟರೆ ರಕ್ಷಕ ಮೊದಲೇ ಅಲ್ಲಿರುತ್ತಾನೆ. ವೇಗವನ್ನು ಬಚ್ಚಿಡುವುದು, ಬೇಕಾದಾಗ ಹೊರತೆಗೆಯುವುದು ಹೊಸದಾಗಿ ಕಲಿಯಬೇಕಾದ ವಿದ್ಯೆ.

ಆರಂಭದ ಹೆಜ್ಜೆಯೂ ಬೇರೆ. ರಿಸೀವರ್ ಎದುರಿಗೇ ನಿಂತ ರಕ್ಷಕ ಮೊದಲ ಐದು ಗಜಗಳಲ್ಲಿ ಎದೆಗೆ ಕೈಯೊತ್ತಿ ತಡೆಯುತ್ತಾನೆ. ಆ ಕೈಗಳನ್ನು ಸರಿಸಿ ಹೊರಬರುವ ಅಭ್ಯಾಸ ರನ್ನಿಂಗ್ ಬ್ಯಾಕ್‌ಗೆ ಇರುವುದಿಲ್ಲ.

ಇನ್ನು ಕೈಗಳ ಮಾತು. ರನ್ನಿಂಗ್ ಬ್ಯಾಕ್ ಹಿಡಿಯುವ ಪಾಸ್‌ಗಳು ಬಹುತೇಕ ಹತ್ತಿರದವು, ಮೃದುವಾದವು. ಚೆಂಡನ್ನು ಎದೆಗವಚಿಕೊಳ್ಳುವುದು ಆತನಿಗೆ ರೂಢಿ. ರಿಸೀವರ್ ಹಾಗೆ ಮಾಡಿದರೆ ಚೆಂಡು ಪುಟಿದು ಹೋಗುತ್ತದೆ. ನಲವತ್ತು ಗಜ ದೂರದಿಂದ ಹೆಗಲ ಮೇಲೆ ಇಳಿಯುವ ಚೆಂಡನ್ನು, ಓಟದ ಲಯ ತಪ್ಪದಂತೆ, ಬೆರಳುಗಳಲ್ಲೇ ಹಿಡಿಯಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಓದು, ಪುಸ್ತಕದ್ದಲ್ಲ, ಎದುರಾಳಿಯ ರಕ್ಷಣೆಯದು. ರಕ್ಷಕರು ಆಟಗಾರನನ್ನು ಹಿಂಬಾಲಿಸುತ್ತಿದ್ದಾರೆಯೇ, ಜಾಗವನ್ನು ಕಾಯುತ್ತಿದ್ದಾರೆಯೇ ಎಂಬುದನ್ನು ಓಡುತ್ತಲೇ ಅರಿತು ಪಥವನ್ನು ಬದಲಿಸಬೇಕಾದ ಸಂದರ್ಭಗಳಿವೆ. ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಕ್ಷಣದಲ್ಲಿ ಅದನ್ನೇ ಅರಿಯಬೇಕು. ಈ ಹೊಂದಾಣಿಕೆ ಮೂಡಲು ತಿಂಗಳುಗಳೇ ಬೇಕು. ಕಾಲೇಜು ತಂಡಗಳಿಗೆ ವಸಂತ ಕಾಲದ ಅಭ್ಯಾಸಕ್ಕೆ ಬಹುಕಾಲದಿಂದ ಇದ್ದ ಮಿತಿ 15 ಅವಧಿಗಳದ್ದು ಎಂಬುದು ಇಲ್ಲಿ ಗಮನಾರ್ಹ.

ಅಂಕಿಗಳು ಹೇಳುವುದೇನು?

ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕರ್ಟಿಸ್ ಸ್ಯಾಮ್ಯುಯೆಲ್ ಉದಾಹರಣೆ ಇಲ್ಲಿ ಪಾಠದಂತಿದೆ. 2016ರಲ್ಲಿ ಆತ ಅರ್ಧ ಓಟಗಾರ, ಅರ್ಧ ರಿಸೀವರ್. ಚೆಂಡು ಹೊತ್ತು 771 ಗಜ, ಪಾಸ್ ಹಿಡಿದು 865 ಗಜ ಗಳಿಸಿದರು. 40 ಗಜಗಳನ್ನು 4.31 ಸೆಕೆಂಡುಗಳಲ್ಲಿ ಓಡಿದ ಅವರನ್ನು 2017ರಲ್ಲಿ ಕೆರೊಲಿನಾ ಪ್ಯಾಂಥರ್ಸ್ ತಂಡವು ರಿಸೀವರ್ ಆಗಿ ಆಯ್ದುಕೊಂಡಿತು. ಗಾಯದ ತೊಂದರೆಯೂ ಇದ್ದ ಮೊದಲ ಋತುವಿನಲ್ಲಿ ಹಿಡಿದ ಪಾಸ್‌ಗಳು 15. ನಂತರದ ಮೂರು ಋತುಗಳಲ್ಲಿ ಕ್ರಮವಾಗಿ 39, 54 ಮತ್ತು 77. ವೇಗ ಮೊದಲ ದಿನವೇ ಇತ್ತು. ಪಕ್ವತೆ ಬರಲು ನಾಲ್ಕು ವರ್ಷ ಹಿಡಿಯಿತು.

ಟವಾನ್ ಆಸ್ಟಿನ್ ಕಥೆ ಬೇರೆ. 2013ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡ ಆತನನ್ನು ಇಡೀ ದೇಶದ ಆಟಗಾರರಲ್ಲಿ ಎಂಟನೆಯವನಾಗಿ ಆರಿಸಿತು. ನಿರೀಕ್ಷೆ ಅಪಾರವಾಗಿತ್ತು. ಆದರೆ ರಿಸೀವರ್ ಆಗಿ ಆತನ ಅತ್ಯುತ್ತಮ ವರ್ಷವೆನಿಸಿದ 2016ರಲ್ಲೂ ಗಳಿಕೆ 509 ಗಜ ದಾಟಲಿಲ್ಲ. ಬಯಲಿನಲ್ಲಿ ಚೆಂಡು ಸಿಕ್ಕರೆ ಅಪಾಯಕಾರಿಯಾದರೂ, ಆ ಬಯಲನ್ನು ತಾನೇ ಸೃಷ್ಟಿಸಿಕೊಳ್ಳುವುದು ಆತನಿಗೆ ಒಲಿಯಲಿಲ್ಲ.

ಜೇಲನ್ ಹರ್ಡ್ ಪ್ರಕರಣವಂತೂ ಇನ್ನಷ್ಟು ಕಟುವಾದದ್ದು. ಟೆನೆಸಿ ವಿಶ್ವವಿದ್ಯಾಲಯದಲ್ಲಿ 2,638 ಗಜ ಓಡಿದ್ದ ಆತ, ಅಲ್ಲಿನ ಸಾರ್ವಕಾಲಿಕ ದಾಖಲೆಗೆ 440 ಗಜ ಬಾಕಿಯಿರುವಾಗ, 2016ರ ಋತುವಿನ ಮಧ್ಯದಲ್ಲೇ ತಂಡ ತೊರೆದರು. ಬೇಲರ್ ವಿಶ್ವವಿದ್ಯಾಲಯ ಸೇರಿ ಅಂದಿನ ನಿಯಮದಂತೆ ಒಂದು ವರ್ಷ ಆಡದೆ ಕಳೆದು, 2018ರಲ್ಲಿ ರಿಸೀವರ್ ಆಗಿ 946 ಗಜ ಗಳಿಸಿದರು. ಮರುವರ್ಷ ಸ್ಯಾನ್‌ಫ್ರಾನ್ಸಿಸ್ಕೊ ತಂಡ ಆಯ್ಕೆ ಮಾಡಿತು. ಆದರೆ ಬೆನ್ನು, ಬಳಿಕ ಮಂಡಿಯ ಗಾಯಗಳಿಂದಾಗಿ ಒಂದೇ ಒಂದು ಅಧಿಕೃತ ಲೀಗ್ ಪಂದ್ಯ ಆಡಲಾಗದೆ 2021ರಲ್ಲಿ ತಂಡದಿಂದ ಹೊರಬಿದ್ದರು. ಬದಲಾವಣೆ ಯಶಸ್ವಿಯಾಗಿತ್ತು, ದೇಹ ಕೈಕೊಟ್ಟಿತು.

ತರಬೇತುದಾರನ ಹೊಣೆ

ಈ ಉದಾಹರಣೆಗಳಿಂದ ಹೊರಡುವ ತಿಳಿವಳಿಕೆ ಇಷ್ಟು. ಬದಲಾವಣೆ ಬೇಗ ಆಗಬೇಕು. ಕಾಲೇಜು ಆಟಗಾರನಿಗೆ ದೊರೆಯುವ ಋತುಗಳು ಬೆರಳೆಣಿಕೆಯಷ್ಟು. ಹೊಸ ಸ್ಥಾನದಲ್ಲಿ ಒಂದು ಋತು ಹರಿಕಾರನಂತೆ ತಡವರಿಸುವುದಕ್ಕೇ ಹೋಗುತ್ತದೆ. ಮೊದಲ ವರ್ಷದ ಹುಡುಗ ಅದನ್ನು ಭರಿಸಬಲ್ಲ. ಕೊನೆಯ ವರ್ಷದವನಿಗೆ ಅದೇ ಸರ್ವಸ್ವ.

ಬದಲಾವಣೆ ಹಂತಹಂತವಾಗಿಯೂ ಆಗಬೇಕು. ಮೊದಲು ಅಂಚಿನ ಬದಲು ಒಳಬದಿಯ ‘ಸ್ಲಾಟ್’ ಜಾಗದಲ್ಲಿ ನಿಲ್ಲಿಸಿದರೆ ರಕ್ಷಕನ ಕೈಗಳಿಂದ ತಪ್ಪಿಸಿಕೊಳ್ಳುವುದು ಸುಲಭ. ಹತ್ತಿರದ ಸ್ಕ್ರೀನ್ ಪಾಸ್‌ಗಳನ್ನು, ಅಡ್ಡಲಾಗಿ ಓಡುತ್ತಾ ಕೈಯಿಂದ ಪಡೆಯುವ ಚೆಂಡನ್ನು ಕೊಟ್ಟರೆ ಹಳೆಯ ಬಲವೂ ವ್ಯರ್ಥವಾಗದು. ಅದರ ಜೊತೆಗೇ ಒಂದೊಂದಾಗಿ ಹೊಸ ಪಥಗಳನ್ನು ಕಲಿಸಬಹುದು.

ಮೂರನೆಯದಾಗಿ, ಹುಡುಗನ ಮನಸ್ಸು. ಪಂದ್ಯಕ್ಕೆ ಇಪ್ಪತ್ತು ಬಾರಿ ಚೆಂಡು ಮುಟ್ಟುತ್ತಿದ್ದವನು ಇನ್ನು ಐದಾರು ಬಾರಿಗೆ ತೃಪ್ತನಾಗಬೇಕು. ಅನೇಕ ಬಾರಿ ಪೂರ್ಣ ವೇಗದಲ್ಲಿ ಓಡಿಯೂ ಚೆಂಡು ತನ್ನತ್ತ ಬಾರದು. ಬೇರೊಬ್ಬನ ಓಟಕ್ಕಾಗಿ ರಕ್ಷಕನನ್ನು ತಡೆಯುವ ಕೆಲಸವೂ ಹೆಗಲೇರುತ್ತದೆ. 2003ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ತಂಡಕ್ಕೆ ಹೆಚ್ಚುವರಿ ಬ್ಯಾಟ್ಸ್‌ಮನ್ ದೊರೆಯಲೆಂದು ನಮ್ಮ ರಾಹುಲ್ ದ್ರಾವಿಡ್ ವಿಕೆಟ್ ಕೀಪರ್ ಕೈಗವಸು ತೊಟ್ಟದ್ದನ್ನು ಕನ್ನಡಿಗರು ಮರೆತಿಲ್ಲ. ಆದರೆ ದ್ರಾವಿಡ್ ಅಷ್ಟುಹೊತ್ತಿಗೆ ನೆಲೆ ಕಂಡಿದ್ದ ಆಟಗಾರ, ಅವರ ಬ್ಯಾಟು ಅವರ ಕೈಯಲ್ಲೇ ಉಳಿದಿತ್ತು. ಕಾಲೇಜು ಹುಡುಗ ಇನ್ನೂ ನೆಲೆ ಕಾಣದವನು. ತನ್ನನ್ನು ಗುರುತಿಸುವಂತೆ ಮಾಡಿದ ಏಕೈಕ ವಿದ್ಯೆಯನ್ನೇ ಆತ ಬದಿಗಿಡಬೇಕು.

ಆದ್ದರಿಂದಲೇ ತಂಡದ ಈ ವಾರದ ಕೊರತೆ ತುಂಬಲೆಂದು ಮಾಡುವ ಬದಲಾವಣೆಗೂ, ಹುಡುಗನ ಮುಂದಿನ ಹತ್ತು ವರ್ಷ ನೋಡಿ ಮಾಡುವ ಬದಲಾವಣೆಗೂ ಅಜಗಜಾಂತರ. ಗಡಿಯಾರ ಹಿಡಿದು ವೇಗ ಅಳೆಯುವುದು ಸುಲಭ. ಆ ವೇಗ ಪಳಗುವವರೆಗೆ ಕಾಯುವ ತಾಳ್ಮೆ ತಂಡಕ್ಕಿದೆಯೇ, ಕಲಿಯುವ ಹಂಬಲ ಹುಡುಗನಿಗಿದೆಯೇ ಎಂಬುದನ್ನು ಅಳೆಯುವ ಗಡಿಯಾರವಿಲ್ಲ. ಸ್ಥಾನ ಬದಲಿಸುವ ಮುನ್ನ ತರಬೇತುದಾರ ಮತ್ತು ಆಟಗಾರ ಎದುರುಬದುರು ಕುಳಿತು ಮಾತನಾಡಬೇಕಾದದ್ದು ಈ ಪ್ರಶ್ನೆಯನ್ನೇ.