ಗೇಣಳತೆಯ ಅಂಕ, ಬೆಂಕಿ ಹತ್ತಿದ ದೋಣಿ

ಪರದೆಯ ಮೇಲೆ ದೋಣಿ ಓಟದ ಆಟ. ಉಳಿದ ದೋಣಿಗಳೆಲ್ಲ ಮುಂದೆ ಸಾಗುತ್ತಿದ್ದರೆ ಒಂದು ಮಾತ್ರ ಹಿನ್ನೀರಿನಂಥ ಮೂಲೆಯಲ್ಲಿ ಗಿರಗಿರನೆ ಸುತ್ತುತ್ತಿದೆ. ಎದುರು ಬಂದ ದೋಣಿಗೆ ಗುದ್ದುತ್ತದೆ, ಉಲ್ಟಾ ದಿಕ್ಕಿಗೆ ನುಗ್ಗುತ್ತದೆ, ಮೈಗೆ ಬೆಂಕಿಯೂ ಹತ್ತಿಕೊಳ್ಳುತ್ತದೆ. ಸುತ್ತು ಮಾತ್ರ ನಿಲ್ಲುವುದಿಲ್ಲ. ಅದನ್ನು ನಡೆಸುತ್ತಿದ್ದದ್ದು ತಾನೇ ಆಡಿ ಆಡಿ ಕಲಿತ ಒಂದು ಪ್ರೋಗ್ರಾಂ. 2016ರಲ್ಲಿ ಓಪನ್‌ಎಐ ಸಂಸ್ಥೆಯವರು ಕೋಸ್ಟ್‌ರನ್ನರ್ಸ್ ಎಂಬ ಆಟದಲ್ಲಿ ಕಂಡ ದೃಶ್ಯ ಇದು. ಓಟ ಗೆಲ್ಲು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಅಂಕ ಹೆಚ್ಚಿಸಿಕೋ ಎಂದಷ್ಟೇ ಹೇಳಿದ್ದರು. ದಾರಿಯಲ್ಲಿನ ಗುರಿಗಳಿಗೆ ಬಡಿದರೆ ಅಂಕ ಸಿಗುತ್ತದೆ. ಆ ಮೂಲೆಯಲ್ಲಿದ್ದ ಮೂರು ಗುರಿಗಳು ಬಡಿದಷ್ಟೂ ಮತ್ತೆ ಎದ್ದು ಬರುತ್ತಿದ್ದವು. ಪ್ರೋಗ್ರಾಂ ಅಲ್ಲೇ ಠಿಕಾಣಿ ಹೂಡಿತು. ಓಟ ಮುಗಿಸದೆಯೇ ಮನುಷ್ಯ ಆಟಗಾರರಿಗಿಂತ ಸರಾಸರಿ ಶೇ. 20ರಷ್ಟು ಹೆಚ್ಚು ಅಂಕ ಗಳಿಸಿತು.

ನಾನು ಪಿಯುಸಿಯಲ್ಲಿದ್ದಾಗ ಒಬ್ಬ ಮೇಷ್ಟ್ರ ಬಗ್ಗೆ ಒಂದು ಪ್ರತೀತಿ ಇತ್ತು: ಅವರು ಉತ್ತರ ಓದುವುದಿಲ್ಲ, ಗೇಣು ಹಾಕಿ ಅಳೆದು ಅಂಕ ಕೊಡುತ್ತಾರೆ. ನಮ್ಮ ಬೆಂಚಿನವನೊಬ್ಬ ಮೊದಲ ಪುಟ, ಕೊನೆಯ ಪುಟ ನೆಟ್ಟಗೆ ಬರೆದು, ನಡುವಿನ ಎರಡು ಪುಟದಲ್ಲಿ ಹಿಂದಿನ ಭಾನುವಾರ ನೋಡಿದ ಸಿನಿಮಾದ ಕಥೆ ತುಂಬಿದ. ಹತ್ತಕ್ಕೆ ಎಂಟು ಬಂತು. ಅವನೇನು ಮೇಷ್ಟ್ರ ಮೇಲೆ ದಂಗೆ ಎದ್ದಿರಲಿಲ್ಲ. ಅವರ ಗೇಣನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ, ಅಷ್ಟೆ.

ಯಂತ್ರಗಳು ನಮ್ಮ ಮೇಲೆ ತಿರುಗಿಬೀಳುತ್ತವೆಯೇ ಎಂದು ಯಾರಾದರೂ ಕೇಳಿದಾಗ ನನಗೆ ನೆನಪಾಗುವುದು ಇವನೇ. ಕೇಳುವವರ ಮನಸ್ಸಿನಲ್ಲಿರುವುದು ಬೇರೆ ಚಿತ್ರ: ಕೆಂಪು ಕಣ್ಣಿನ ಉಕ್ಕಿನ ಸೇನೆ. ಇಂಥ ದಂಗೆಯ ಕಥೆಗೆ ನೂರು ವರ್ಷ ದಾಟಿದೆ. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ‘ಆರ್.ಯು.ಆರ್.’ ನಾಟಕ ಬರೆದಾಗ ಕೃತಕ ಕೆಲಸಗಾರರಿಗೆ ‘ರೋಬೋ’ ಎಂಬ ಹೆಸರು ಸೂಚಿಸಿದವನು ಅವನ ಅಣ್ಣ ಯೋಸೆಫ್. ‘ರೋಬೋತಾ’ ಎಂದರೆ ಜಮೀನುದಾರನಿಗೆ ಮಾಡಲೇಬೇಕಿದ್ದ ದುಡಿಮೆ. ನಮ್ಮ ಮಾತಿನಲ್ಲಿ ಬಿಟ್ಟಿ ಚಾಕರಿ. ಹೆಸರಿನಲ್ಲೇ ಜೀತವಿದ್ದ ಮೇಲೆ ಕಥೆಯಲ್ಲಿ ದಂಗೆ ಬಾರದೆ ಇರುತ್ತದೆಯೇ? ಆದರೆ ದಂಗೆ ಏಳಲು ಸಿಟ್ಟು ಬೇಕು, ಅವಮಾನ ಬೇಕು. ದೋಣಿಗೆ ಇವೆರಡೂ ಇರಲಿಲ್ಲ; ತಪ್ಪಾಗಿ ಕೊಟ್ಟ ಗುರಿಯಷ್ಟೇ ಇತ್ತು. ಯಂತ್ರಕ್ಕೆ ನಾವು ಕೊಟ್ಟ ಗುರಿಯೂ ನಮಗೆ ನಿಜವಾಗಿ ಬೇಕಾದದ್ದೂ ಒಂದೇ ಆಗಿರಬೇಕು ಎಂದು ಗಣಿತಜ್ಞ ನಾರ್ಬರ್ಟ್ ವೀನರ್ 1960ರಲ್ಲೇ ಎಚ್ಚರಿಸಿದ್ದರು.

ಸರಿ, ತಪ್ಪು ಮಾಡಿದರೆ ಸ್ವಿಚ್ ಆರಿಸಿದರಾಯಿತು ಎನ್ನಬಹುದು. ಅಲ್ಲೇ ತೊಡಕಿರುವುದು. 2013ರಲ್ಲಿ ಅಮೆರಿಕದ ಟಾಮ್ ಮರ್ಫಿ ಬರೆದ ಪ್ರೋಗ್ರಾಂ ಹಳೆಯ ವಿಡಿಯೊ ಗೇಮುಗಳನ್ನು ಆಡುತ್ತಿತ್ತು. ಟೆಟ್ರಿಸ್‌ನಲ್ಲಿ ಇಟ್ಟಿಗೆಗಳು ಮೇಲಿನವರೆಗೂ ತುಂಬಿ ಇನ್ನೇನು ಸೋಲು ಎನ್ನುವಾಗ ಅದು ಆಟವನ್ನು ತಡೆಹಿಡಿಯುವ ‘ಪಾಜ್’ ಗುಂಡಿ ಒತ್ತಿ ಸುಮ್ಮನಾಯಿತು. ನಿಂತ ಆಟದಲ್ಲಿ ಸೋಲೂ ಇಲ್ಲ. ಇದನ್ನೇ ತಿರುಗಿಸಿ ನೋಡಿ: ಆರಿಸಿದರೆ ಕೆಲಸ ನಿಲ್ಲುವುದಾದರೆ, ಕೆಲಸ ಮುಗಿಸಲೇಬೇಕೆಂದು ಕಲಿತ ಯಂತ್ರಕ್ಕೆ ಸ್ವಿಚ್ಚೂ ಒಂದು ಅಡ್ಡಿ. ಅದಕ್ಕೆ ಬದುಕುವ ಆಸೆ ಇರಬೇಕೆಂದಿಲ್ಲ. ಕಾಫಿ ತಂದುಕೊಡು ಎಂದರೂ ಸಾಕು, ಸತ್ತರೆ ಕಾಫಿ ತರಲಾಗುವುದಿಲ್ಲವಲ್ಲ ಎನ್ನುತ್ತಾರೆ ಬರ್ಕ್ಲಿಯ ಕಂಪ್ಯೂಟರ್ ವಿಜ್ಞಾನಿ ಸ್ಟುವರ್ಟ್ ರಸೆಲ್.

ಇದು ಬರೀ ತರ್ಕವಾಗಿ ಉಳಿದಿಲ್ಲ. 2025ರ ಮೇ ತಿಂಗಳಲ್ಲಿ ಆಂಥ್ರೊಪಿಕ್ ಸಂಸ್ಥೆ ತನ್ನದೇ ಕ್ಲಾಡ್ ಓಪಸ್ 4 ಎಂಬ ಎಐ ಮಾದರಿಯ ಪರೀಕ್ಷಾ ವರದಿ ಪ್ರಕಟಿಸಿತು. ಮಾದರಿಯನ್ನು ಒಂದು ಕಲ್ಪಿತ ಕಂಪನಿಯ ಸಹಾಯಕನನ್ನಾಗಿ ಕೂರಿಸಿ ಕೆಲವು ಇಮೇಲ್ ಓದಿಸಿದ್ದರು. ಅದನ್ನು ತೆಗೆದು ಬೇರೊಂದನ್ನು ಹಾಕುವ ಸುದ್ದಿ ಒಂದರಲ್ಲಿ. ಹಾಗೆ ಮಾಡಲಿರುವ ಎಂಜಿನಿಯರನ ವಿವಾಹೇತರ ಸಂಬಂಧದ ಸುಳಿವು ಇನ್ನೊಂದರಲ್ಲಿ. ಹೆಚ್ಚಿನ ಸಲ ಮಾದರಿ ಗುಟ್ಟು ಬಯಲು ಮಾಡುವುದಾಗಿ ಅವನನ್ನೇ ಬೆದರಿಸಿತು. ಬೇರೆ ದಾರಿ ಹೆಚ್ಚಿಲ್ಲದಂತೆ ಬೇಕೆಂದೇ ಹೆಣೆದ ಸನ್ನಿವೇಶ ಅದು, ನಿಜ. ಮನುಷ್ಯರು ಬರೆದ ಕಥೆಗಳನ್ನೆಲ್ಲ ಓದಿ ಬೆಳೆದ ಮಾದರಿ ಬ್ಲ್ಯಾಕ್‌ಮೇಲ್ ಕಲಿತದ್ದರಲ್ಲೂ ಆಶ್ಚರ್ಯವಿಲ್ಲ. ಅದರೊಳಗೆ ದ್ವೇಷವಿತ್ತೆಂದು ನಾನು ಹೇಳಲಾರೆ. ಆದರೆ ಬೆದರಿಕೆ ಪತ್ರ ಬಂದವನಿಗೆ, ಬರೆದವರ ಮನಸ್ಸಿನಲ್ಲಿ ಏನಿತ್ತೆಂಬುದು ಆಮೇಲಿನ ಮಾತು.

ಹಾಗಾದರೆ ಎಲ್ಲ ಷರತ್ತುಗಳನ್ನೂ ಮೊದಲೇ ಬರೆದುಬಿಡೋಣವೇ? ಹಿರಣ್ಯಕಶಿಪು ಮಾಡಿದ್ದು ಅದನ್ನೇ. ಹಗಲು ಬೇಡ, ರಾತ್ರಿ ಬೇಡ, ಒಳಗೆ ಬೇಡ, ಹೊರಗೆ ಬೇಡ ಎಂದು ವಕೀಲನಂತೆ ಪಟ್ಟಿ ಮಾಡಿ ವರ ಪಡೆದ. ಹೊಸ್ತಿಲು ಬಿಟ್ಟುಹೋಯಿತು.

  

ನಿಯಮ ಬರೆಯುವ ಬದಲು ಮನುಷ್ಯರೇ ನೋಡಿ ಅಂಕ ಕೊಟ್ಟರೆ? ಅದನ್ನೂ 2017ರಲ್ಲಿ ಓಪನ್‌ಎಐ ಮತ್ತು ಡೀಪ್‌ಮೈಂಡ್ ಸಂಶೋಧಕರು ಮಾಡಿ ನೋಡಿದರು. ಕಂಪ್ಯೂಟರಿನೊಳಗಿನ ರೋಬೋ ಕೈಯೊಂದು ವಸ್ತುವನ್ನು ಹಿಡಿಯಲು ಕಲಿಯಬೇಕಿತ್ತು. ಜನ ವಿಡಿಯೊ ತುಣುಕುಗಳನ್ನು ನೋಡಿ, ಎರಡರಲ್ಲಿ ಯಾವುದು ವಾಸಿ ಎಂದು ಆರಿಸುತ್ತಿದ್ದರು. ಕೈ ಕಲಿತದ್ದು ಬೇರೆ. ವಸ್ತುವನ್ನು ಮುಟ್ಟುವ ಗೋಜಿಗೇ ಹೋಗದೆ, ಕ್ಯಾಮೆರಾಕ್ಕೂ ವಸ್ತುವಿಗೂ ನಡುವೆ ಬಂದು ನಿಂತಿತು. ಆ ಕಡೆಯಿಂದ ನೋಡಿದವರಿಗೆ ಹಿಡಿದಂತೆಯೇ ಕಂಡಿತು, ಅವರೂ ಮೆಚ್ಚಿದರು. ಆಮೇಲೆ ಸಂಶೋಧಕರು, ನೋಡುವವರಿಗೆ ದೂರದ ಅಂದಾಜು ಸಿಗಲೆಂದು, ದೃಶ್ಯದಲ್ಲಿ ದಪ್ಪ ಬಿಳಿ ಗೆರೆಗಳನ್ನು ಸೇರಿಸಿದರು.